ಓವರ್‌ಟೇಕ್‌ನಲ್ಲಿ ನಾಲ್ವರ ಪಾಲು

ದ್ವಿಪಥ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ ಏಳು ಮೀಟರ್. ಹೋಗಲು ಒಂದು ಪಥ, ಬರಲು ಒಂದು ಪಥ, ನಡುವೆ ಡಿವೈಡರ್ ಇರುವುದಿಲ್ಲ. ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಅಷ್ಟು ಅಗಲವೂ ಎಲ್ಲ ಕಡೆ ಸಿಗುವುದಿಲ್ಲ. ಇಂಥ ರಸ್ತೆಯಲ್ಲಿ ಮುಂದಿನ ಗಾಡಿಯನ್ನು ಹಿಂದಿಕ್ಕಬೇಕೆಂದರೆ ಎದುರಿನವರ ಪಥಕ್ಕೆ ಹೋಗಲೇಬೇಕು. ಅಲ್ಲಿ ಎಷ್ಟು ಹೊತ್ತು ಇರಬೇಕಾಗುತ್ತದೆ ಎನ್ನುವುದು ಹಿಂದಿಕ್ಕುವವನ ಕೈಯಲ್ಲಷ್ಟೇ ಇಲ್ಲ. ಸೈಡ್ ಕೊಡುವವನು, ಎದುರಿನಿಂದ ಬರುವವನು, ಹಿಂದೆ ಇರುವವನು ಸೇರಿ ನಾಲ್ವರೂ ಅದನ್ನು ನಿರ್ಧರಿಸುತ್ತಾರೆ.

ಹತ್ತು ಸೆಕೆಂಡಿನ ಲೆಕ್ಕ

ಲಾರಿ ಗಂಟೆಗೆ 50 ಕಿ.ಮೀ. ವೇಗದಲ್ಲಿದೆ, ನಿಮ್ಮ ಕಾರು 70ರಲ್ಲಿದೆ ಎಂದುಕೊಳ್ಳಿ. ಲಾರಿಯ ಉದ್ದ 12 ಮೀಟರ್, ಕಾರಿನದು 4. ಹೊರಡುವಾಗ ಲಾರಿಯ ಹಿಂದೆ 20 ಮೀಟರ್, ಒಳಗೆ ಬರುವಾಗ ಅದರ ಮುಂದೆ 20 ಮೀಟರ್ ಅಂತರ ಬೇಕು. ಒಟ್ಟು 56 ಮೀಟರನ್ನು ನೀವು ಲಾರಿಗಿಂತ ಹೆಚ್ಚಾಗಿ ಕ್ರಮಿಸಬೇಕು. ಇಬ್ಬರ ವೇಗದ ವ್ಯತ್ಯಾಸ 20 ಕಿ.ಮೀ. ಆದ್ದರಿಂದ ಇದಕ್ಕೆ ಸುಮಾರು ಹತ್ತು ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ನಿಮ್ಮ ಕಾರು 195 ಮೀಟರ್ ಮುಂದೆ ಹೋಗಿರುತ್ತದೆ. ಎದುರಿನಿಂದ 70ರಲ್ಲೇ ಬರುವ ಕಾರು ಕೂಡ 195 ಮೀಟರ್ ಹತ್ತಿರ ಬಂದಿರುತ್ತದೆ. ಹೊರಡುವ ಕ್ಷಣದಲ್ಲಿ ಕನಿಷ್ಠ 390 ಮೀಟರ್ ರಸ್ತೆ ಖಾಲಿ ಕಾಣಬೇಕು, ಅದರ ಮೇಲೆ ಸುರಕ್ಷತೆಗೆಂದು ಇನ್ನಷ್ಟು.

ರಸ್ತೆ ವಿನ್ಯಾಸ ಮಾಡುವ ಎಂಜಿನಿಯರುಗಳೂ ಇದೇ ಬಗೆಯ ಲೆಕ್ಕ ಹಾಕುತ್ತಾರೆ. ಗಂಟೆಗೆ 80 ಕಿ.ಮೀ. ವೇಗಕ್ಕೆಂದು ಮಾಡುವ ರಸ್ತೆಯಲ್ಲಿ ಓವರ್‌ಟೇಕ್ ಮಾಡಲು ಚಾಲಕನಿಗೆ 470 ಮೀಟರ್ ದೂರ ಕಾಣಬೇಕು ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ. ಸಾಲುಮರದ ರಸ್ತೆಯಲ್ಲಿ, ಅಡಿಕೆ ತೋಟಗಳ ನಡುವೆ ಬಳಸಿಕೊಂಡು ಹೋಗುವ ದಾರಿಯಲ್ಲಿ ಇಷ್ಟು ದೂರ ಒಮ್ಮೆಗೇ ಕಾಣುವುದು ಅಪರೂಪ.

ಲಾರಿ 60ರಲ್ಲಿದ್ದರೆ ಲೆಕ್ಕವೇ ಬದಲಾಗುತ್ತದೆ. ವ್ಯತ್ಯಾಸ ಹತ್ತೇ ಕಿ.ಮೀ. ಆದ್ದರಿಂದ 20 ಸೆಕೆಂಡ್ ಬೇಕು, 780 ಮೀಟರ್ ಖಾಲಿ ರಸ್ತೆ ಬೇಕು. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯಂತೆ ಇಂಥ ರಸ್ತೆಗಳಲ್ಲಿ ಕಾರಿನ ಗರಿಷ್ಠ ವೇಗ 70 ಕಿ.ಮೀ., ಲಾರಿ, ಬಸ್ಸುಗಳದು 60. ಅಂದರೆ ಮಿತಿಗೆ ತಕ್ಕಂತೆ 60ರಲ್ಲಿ ಓಡುತ್ತಿರುವ ಲಾರಿಯನ್ನು ಕಾನೂನಿನೊಳಗಿದ್ದೇ ಹಿಂದಿಕ್ಕುವ ಜಾಗ ಬಹುತೇಕ ಸಿಗುವುದೇ ಇಲ್ಲ. ಅದರ ಹಿಂದೆಯೇ ಹೋಗುವುದು ಸರಿಯಾದ ತೀರ್ಮಾನ.

ಎಲ್ಲಿ ಬೇಡವೇ ಬೇಡ

ನಡುಗೆರೆ ತುಂಡು ತುಂಡಾಗಿದ್ದರೆ ದಾರಿ ನೋಡಿಕೊಂಡು ದಾಟಬಹುದು. ಅಖಂಡ ಗೆರೆಯಿದ್ದರೆ ಓವರ್‌ಟೇಕ್‌ಗಾಗಿ ದಾಟುವಂತಿಲ್ಲ. ಜೋಡಿ ಗೆರೆಯಲ್ಲಿ ಒಂದು ಅಖಂಡ, ಇನ್ನೊಂದು ತುಂಡು ಗೆರೆಯಾಗಿದ್ದರೆ ನಿಮ್ಮ ಕಡೆಯ ಗೆರೆ ನಿಮಗೆ ಅನ್ವಯಿಸುತ್ತದೆ.

ಗೆರೆ ಅಳಿಸಿಹೋಗಿದ್ದರೂ ನಿಯಮ ಅಳಿಸುವುದಿಲ್ಲ. ತಿರುವು, ದಿಬ್ಬದ ನೆತ್ತಿ, ಕಿರಿದಾದ ಸೇತುವೆ, ಕೂಡುರಸ್ತೆ, ಜನ ರಸ್ತೆ ದಾಟುವ ಜಾಗ ಇವೆಲ್ಲ ನಿಷಿದ್ಧ. ಮುಂದಿನ ಗಾಡಿಯೇ ಇನ್ನೊಂದನ್ನು ಹಿಂದಿಕ್ಕುತ್ತಿದ್ದರೆ ಅದರ ಬೆನ್ನಿಗೇ ಹೋಗಬಾರದು. ಹಿಂದಿಕ್ಕುವುದು ಬಲಗಡೆಯಿಂದಲೇ. ಮುಂದಿನವನು ಬಲಕ್ಕೆ ತಿರುಗಲು ಸಿಗ್ನಲ್ ಕೊಟ್ಟು ರಸ್ತೆಯ ನಡುವಿಗೆ ಬಂದಿದ್ದರೆ ಮಾತ್ರ ಎಡಗಡೆಯಿಂದ ಹೋಗಬಹುದು. ಕಾನೂನಿಗೆ ವಿರುದ್ಧವಾದ ಓವರ್‌ಟೇಕನ್ನು 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಅಪಾಯಕಾರಿ ಚಾಲನೆಯೆಂದೇ ಹೆಸರಿಸಿದೆ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿವರೆಗೆ ದಂಡವೋ, ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲೋ, ಎರಡೂ ಸೇರಿಯೋ ಆಗಬಹುದು.

ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಓಡಾಡುವವರಿಗೆ ಇನ್ನೊಂದು ಎಚ್ಚರಿಕೆ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರ್ ಇರಬಹುದು. ಹಿಂದಿನಿಂದ ನೋಡಿದರೆ ಕಾಣುವುದು ಒಂದೇ. ಹೇರು ಬದಿಗೆ ಚಾಚಿಕೊಂಡು ಓಲಾಡುತ್ತಿರುತ್ತದೆ, ಚಾಲಕನಿಗೆ ಹಿಂದಿನದು ಕಾಣುವುದಿಲ್ಲ, ಇಂಜಿನ್ ಸದ್ದಿನಲ್ಲಿ ಹಾರ್ನ್ ಕೇಳುವುದೂ ಕಷ್ಟ. ಹೊಲದ ದಾರಿಗೆ ಅವನು ಯಾವ ಕ್ಷಣದಲ್ಲಾದರೂ ಬಲಕ್ಕೆ ತಿರುಗಬಹುದು. ಮೊದಲು ಹಿಂದೆ ಸರಿದು ಅದರ ಪೂರ್ತಿ ಉದ್ದ ಅಂದಾಜು ಮಾಡಿ, ಮುಂದೆ ಬಲಗಡೆ ಯಾವ ಕಾಲುದಾರಿಯೂ ಇಲ್ಲವೆಂದು ಖಾತ್ರಿಯಾದ ಮೇಲೆ ಹೊರಡಿ.

ಹಿಂದಿಕ್ಕುವ ಕ್ರಮ

ಲಾರಿಯ ಬಾಲಕ್ಕೆ ಅಂಟಿಕೊಂಡು ಹೋಗುವುದು ಎಲ್ಲರೂ ಮಾಡುವ ತಪ್ಪು. ಹತ್ತಿರ ಹೋದಷ್ಟೂ ಅದರ ಬೆನ್ನೇ ಕಣ್ಣಿಗೆ ಅಡ್ಡ. 20–30 ಮೀಟರ್ ಹಿಂದೆ ಉಳಿದರೆ ಎರಡೂ ಬದಿಯ ರಸ್ತೆ ಕಾಣುತ್ತದೆ. ರಸ್ತೆ ಖಾಲಿ ಕಂಡಾಗ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಒಂದು ಗೇರ್ ಇಳಿಸಿ, ಚಿಕ್ಕದಾಗಿ ಹಾರ್ನ್ ಮಾಡಿ ಹೊರಬನ್ನಿ. ಎದುರಿನಿಂದ ಬೈಕ್ ಬರುತ್ತಿಲ್ಲವೆಂದು ಎರಡನೇ ಸಲ ನೋಡಿ. ಒಂದೇ ದೀಪದ ಗಾಡಿ ಎಷ್ಟು ದೂರದಲ್ಲಿದೆ ಎಂದು ಅಂದಾಜಿಸುವುದು ಕಷ್ಟ. ಒಳಗಿನ ಕನ್ನಡಿಯಲ್ಲಿ ಲಾರಿಯ ಮುಂಭಾಗ ಪೂರ್ತಿ ಕಂಡ ಮೇಲೆ ನಿಮ್ಮ ಪಥಕ್ಕೆ ಮರಳಿ. ಅದಕ್ಕೂ ಮೊದಲೇ ಒಳಗೆ ನುಗ್ಗಿದರೆ ಹೇರು ತುಂಬಿದ ಲಾರಿಯವನು ಗಟ್ಟಿ ಬ್ರೇಕ್ ಹಾಕಬೇಕಾಗುತ್ತದೆ.

ಲಾರಿಯವರು ಇಂಡಿಕೇಟರ್ ಹಾಕಿದ್ದನ್ನು ಅಪ್ಪಣೆ ಎಂದುಕೊಳ್ಳಬೇಡಿ. ಬಲಗಡೆಯ ದೀಪ ಮಿನುಗಿದರೆ ಕೆಲವರ ಪಾಲಿಗೆ ‘ಹೋಗಿ’, ಇನ್ನು ಕೆಲವರ ಪಾಲಿಗೆ ‘ನಾನು ಬಲಕ್ಕೆ ತಿರುಗುತ್ತಿದ್ದೇನೆ’. ಕ್ಲೀನರ್ ಕೈಬೀಸಿದರೂ ನಿಮ್ಮ ಕಣ್ಣಿಗೆ ರಸ್ತೆ ಕಾಣದೆ ಹೊರಡಬೇಡಿ.

ಸೈಡ್ ಕೊಡುವವರ ಕಾಲು

ಇನ್ನು ಮರ್ಯಾದೆಯ ಮಾತು. ಇದನ್ನು ಸೆಕೆಂಡಿನಲ್ಲೇ ಅಳೆಯಬಹುದು. ನೀವು ಹಿಂದಿಕ್ಕುತ್ತಿರುವಾಗ ಲಾರಿಯವನು ಆಕ್ಸಿಲರೇಟರ್ ಸಡಿಲಿಸಿ 50ರಿಂದ 40ಕ್ಕೆ ಇಳಿದರೆ ಹತ್ತು ಸೆಕೆಂಡಿನ ಕೆಲಸ ಏಳರೊಳಗೆ ಮುಗಿಯುತ್ತದೆ, ಬೇಕಾದ ರಸ್ತೆ 390 ಮೀಟರಿನಿಂದ 260ಕ್ಕೆ ಇಳಿಯುತ್ತದೆ. ಪಂಥಕ್ಕೆ ಬಿದ್ದು 60ಕ್ಕೆ ಏರಿಸಿದರೆ 20 ಸೆಕೆಂಡ್ ಆಗುತ್ತದೆ. ಏಳು ಸೆಕೆಂಡೋ ಇಪ್ಪತ್ತೋ ಎಂಬುದು ಅವನ ಕಾಲಿನಲ್ಲಿದೆ. ಹಿಂದಿಕ್ಕಿಸಿಕೊಳ್ಳುವವರು ವೇಗ ಹೆಚ್ಚಿಸಬಾರದು ಎಂದು ನಿಯಮವೇ ಹೇಳುವುದು ಇದಕ್ಕಾಗಿ.

ಎದುರಿನಿಂದ ಬರುವವರಿಗೂ ಪಾಲಿದೆ. ತಪ್ಪು ಲೆಕ್ಕ ಹಾಕಿ ಯಾರೋ ನಿಮ್ಮ ಪಥಕ್ಕೆ ಬಂದಾಗ ಹೈಬೀಮ್ ಹೊಡೆದು ನೇರ ನುಗ್ಗುವುದರಿಂದ ಅವರ ತಪ್ಪು ಸರಿಹೋಗುವುದಿಲ್ಲ. ಬ್ರೇಕ್ ಒತ್ತಿ, ಎಡಕ್ಕೆ ಸರಿದು ಜಾಗ ಕೊಡಿ. ಹಿಂದೆ ಇರುವವರು ಮುಂದಿನವನು ಹೊರಬಂದ ತಕ್ಷಣ ಆ ಜಾಗ ತುಂಬಬಾರದು. ಅವನು ಅರ್ಧಕ್ಕೆ ಬಿಟ್ಟು ಹಿಂದೆ ಬರಬೇಕಾದರೆ ಅದೊಂದೇ ಅವನಿಗಿರುವ ಜಾಗ.

ಕತ್ತಲಲ್ಲಿ ಹಿಂದಿನಿಂದ ಹೋಗುವಾಗ ದೀಪ ಡಿಮ್ ಮಾಡಿ, ಕನ್ನಡಿಯಲ್ಲಿ ಬಿದ್ದ ಬೆಳಕು ಮುಂದಿನವರ ಕಣ್ಣು ಕಟ್ಟುತ್ತದೆ. ಘಾಟಿಯಲ್ಲಿ ಎರಡು ಗಾಡಿಗೆ ಜಾಗ ಸಾಲದಿದ್ದರೆ ಏರು ಹತ್ತುತ್ತಿರುವ ಗಾಡಿಗೆ ಮೊದಲ ಹಕ್ಕು, ಇಳಿಯುವವರು ನಿಲ್ಲಬೇಕು. ನಿಧಾನವಾಗಿ ಹೋಗುತ್ತಿರುವ ನಿಮ್ಮ ಹಿಂದೆ ಸಾಲು ಬೆಳೆದಿದ್ದರೆ ಅಗಲವಾದ ಜಾಗ ನೋಡಿ ಎಡಕ್ಕೆ ನಿಲ್ಲಿಸಿ ಎಲ್ಲರನ್ನೂ ಬಿಟ್ಟುಬಿಡಿ.

ಹಿಂದಿಕ್ಕಿ ಉಳಿಸುವುದಾದರೂ ಎಷ್ಟು? 30 ಕಿ.ಮೀ. ದಾರಿಯನ್ನು 50ರ ಬದಲು 60ರಲ್ಲಿ ಹೋದರೆ ಉಳಿಯುವುದು ಆರು ನಿಮಿಷ. ಸೈಡ್ ಕೊಟ್ಟವನಿಗೆ ಹೋಗುವುದು ಕೆಲವೇ ಸೆಕೆಂಡ್. ಆ ಕೆಲವು ಸೆಕೆಂಡ್ ಇನ್ನೊಬ್ಬರಿಗೆ 130 ಮೀಟರ್ ಅಪಾಯ ತಗ್ಗಿಸುತ್ತದೆ. ಆದ್ದರಿಂದ ಕನ್ನಡಿಯಲ್ಲಿ ಹಿಂದಿನ ಗಾಡಿ ಬಲಕ್ಕೆ ಬಂದದ್ದು ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ.