ಎಂಟೂವರೆಯ ಬಸ್ಸು

ಕರಿಹಲಗೆಯ ಮೇಲೆ ಪಾಠದ ಹೆಸರಿಲ್ಲ, ವ್ಯಾಕರಣದ ಸೂತ್ರವೂ ಇಲ್ಲ. ಶಿರಾದಿಂದ ತುಮಕೂರಿಗೆ ಹೊರಡುವ ಮೂರು ಬಸ್ಸುಗಳ ಹೊತ್ತು ಮಾತ್ರ ಬರೆದಿದ್ದೇನೆ: 7.00, 7.45, 8.30. ದಾರಿ ಒಂದೂಕಾಲು ಗಂಟೆ, ಇಳಿದ ಮೇಲೆ ಆಸ್ಪತ್ರೆಗೆ ಕಾಲು ಗಂಟೆ ನಡಿಗೆ. ಅಜ್ಜಿಯನ್ನು ಹತ್ತು ಗಂಟೆಯೊಳಗೆ ಡಾಕ್ಟರಿಗೆ ತೋರಿಸಬೇಕು. ಪಾಪ, ಬೆಳಗ್ಗೆ ಬೇಗ ಏಳಲಾರಳು. ಯಾವ ಬಸ್ಸು? ನನ್ನ ಎಂಟನೇ ತರಗತಿಯ ಇಂಗ್ಲಿಷ್ ಪೀರಿಯಡ್ ಹೀಗೆ ಶುರುವಾಗುತ್ತದೆ.

ಉಪಾಯ ನನ್ನದಲ್ಲ. ಭಾಷಾಬೋಧನೆಯ ತಜ್ಞ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ರೈಲ್ವೆ ವೇಳಾಪಟ್ಟಿ, ನಕ್ಷೆಗಳನ್ನಿಟ್ಟುಕೊಂಡೇ ಇಂಗ್ಲಿಷ್ ಕಲಿಸಿ ನೋಡಿದರು. ಭಾಷಾಬೋಧನೆಯ ಲೋಕದಲ್ಲಿ ಅದು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಯಿತು. 1987ರಲ್ಲಿ ಅದರ ಬಗ್ಗೆ ಅವರ ಪುಸ್ತಕವೂ ಬಂತು. ಮಗುವಿನ ತಲೆ ಲೆಕ್ಕ ಬಿಡಿಸುವುದರಲ್ಲಿ ಮುಳುಗಿದ್ದಾಗ ವಾಕ್ಯರಚನೆ ತನ್ನಷ್ಟಕ್ಕೆ ಮೈಗೂಡುತ್ತದೆ ಎಂಬುದು ಅವರ ನಂಬಿಕೆ.

ಕ್ರಮ ಇಷ್ಟೇ: ಮೊದಲು ಇಂಥದ್ದೇ ಒಂದು ಲೆಕ್ಕವನ್ನು ಇಡೀ ತರಗತಿಯೊಂದಿಗೆ ಇಂಗ್ಲಿಷಿನಲ್ಲೇ ಮಾತಾಡುತ್ತಾ ಬಿಡಿಸಬೇಕು. ಆಮೇಲೆ ಅದನ್ನೇ ತುಸು ಬದಲಿಸಿ, ಒಬ್ಬೊಬ್ಬರೇ ಮಾಡಲಿ ಎಂದು ಬಿಡಬೇಕು. ಅರ್ಧದಷ್ಟು ಮಕ್ಕಳಾದರೂ ಅರ್ಧ ಕೆಲಸವನ್ನಾದರೂ ಸರಿಯಾಗಿ ಮಾಡಿದರೆ ಲೆಕ್ಕದ ಮಟ್ಟ ಸರಿಯಿದೆ ಎಂದರ್ಥ. ಈ ಅಳತೆಗೋಲೂ ಪ್ರಭು ಅವರದೇ. ‘ಶೀ ಗೋ ಸೆವೆನ್ ಬಸ್’ ಎಂದವನಿಗೆ ‘ತಪ್ಪು’ ಎನ್ನುವುದಿಲ್ಲ. ‘ಶೀ ಕ್ಯಾನ್ ಗೋ ಬೈ ದ ಸೆವೆನ್ ಓ ಕ್ಲಾಕ್ ಬಸ್? ವೈ?’ ಎಂದು ಸರಿ ವಾಕ್ಯವನ್ನು ಅವನ ಕಿವಿಗೆ ಹಾಕಿ ಮುಂದಕ್ಕೆ ಹೋಗುತ್ತೇನೆ. ಬೆಂಚಿನಡಿಯಲ್ಲಿ ಕನ್ನಡದ ಪಿಸುಮಾತು ನಡೆದೇ ಇರುತ್ತದೆ. ನಡೆಯಲಿ, ಯೋಚನೆ ಕನ್ನಡದಲ್ಲೇ ಅಲ್ಲವೇ ಆಗುವುದು!

ಒಂದು ಕಡೆ ಮಾತ್ರ ನನಗೆ ತಕರಾರಿದೆ. ಇಂಗ್ಲಿಷಿನ ‘ಎ’, ‘ದ’ ಎಂಬ ಆರ್ಟಿಕಲ್‌ಗಳಿಗೆ ಕನ್ನಡದಲ್ಲಿ ಸಮನಾದದ್ದೇ ಇಲ್ಲ. ಬರೀ ಕೇಳಿಸಿಕೊಂಡು ಅವು ನಮ್ಮ ಮಕ್ಕಳಿಗೆ ಹತ್ತುತ್ತವೆ ಎಂಬ ಭರವಸೆ ನನಗಿಲ್ಲ. ಅದಕ್ಕೇ ವಾರಕ್ಕೊಮ್ಮೆ ಹತ್ತು ನಿಮಿಷ ಬಿಡಿಸಿ ಹೇಳುತ್ತೇನೆ. ಪರೀಕ್ಷೆ ಹತ್ತಿರವಾದಾಗ ಗೈಡ್ ಕೂಡ ಬ್ಯಾಗಿನಿಂದ ಹೊರಬರುತ್ತದೆ, ನಾನೂ ಸುಮ್ಮನಿರುತ್ತೇನೆ.

ಮೊನ್ನೆ ತರಗತಿಯೆಲ್ಲ ಎಂಟೂವರೆಯ ಬಸ್ಸಿಗೆ ಕೈಯೆತ್ತಿತು. ಲೆಕ್ಕ ಸರಿಯಾಗಿ ಹತ್ತಕ್ಕೇ ಮುಟ್ಟುತ್ತದೆ. ದಿನಾ ಬಸ್ಸಿನಲ್ಲೇ ಶಾಲೆಗೆ ಬರುವ ಹಿಂದಿನ ಬೆಂಚಿನ ಹುಡುಗಿ ಮಾತ್ರ ಎದ್ದು ನಿಂತಳು. ಇಡೀ ವರ್ಷದಲ್ಲಿ ಅವಳು ತಾನಾಗಿ ಬಾಯಿ ತೆರೆದದ್ದು ಅದೇ ಮೊದಲು.

“ನೋ ಸಾರ್. ದಟ್ ಬಸ್ ಆಲ್ವೇಸ್ ಲೇಟ್.”