ಗೆದ್ದ ಪೈರಿಗೆ ಕಾಳು ಕಮ್ಮಿ

ಮಲೆಬೆನ್ನೂರಿನ ಸುತ್ತ ಭದ್ರಾ ನಾಲೆಯ ನೀರುಣ್ಣುವ ಗದ್ದೆಗಳಲ್ಲಿ ತೆನೆ ಬಿಡುವ ಹೊತ್ತಿಗೆ ಭತ್ತದ ಪೈರು ಒಂದೇ ಮಟ್ಟಕ್ಕೆ ನಿಂತಿರುತ್ತದೆ. ನಡುವೆ ಒಂದು ಬೆರಕೆ ಗಿಡ ಮೊಳದೆತ್ತರ ತಲೆ ಎತ್ತಿದ್ದರೆ, ಬೀಜಕ್ಕೆಂದು ಬೆಳೆಯುವ ರೈತ ಅದನ್ನು ಬುಡಸಮೇತ ಕೀಳುತ್ತಾನೆ. ಬಿಸಿಲಿನ ಪೈಪೋಟಿಯಲ್ಲಿ ಗೆದ್ದದ್ದು ಅದೇ. ಆದರೂ ಗದ್ದೆಗೆ ಬೇಡ.

ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಪೀಟರ್ ಜೆನ್ನಿಂಗ್ಸ್ ಮತ್ತು ಸಂಗಡಿಗರು ಎತ್ತರದ ತಳಿ, ಗಿಡ್ಡ ತಳಿಗಳ ಬೀಜ ಬೆರೆಸಿ ಬೆಳೆದರು. ಬಂದ ಕಾಳನ್ನೇ ಮತ್ತೆ ಬಿತ್ತುತ್ತ ಹೋದರು. ಕೆಲವೇ ಬೆಳೆಗಳಲ್ಲಿ ಗಿಡ್ಡ ತಳಿಗಳು ಬಹುತೇಕ ಕಾಣೆಯಾದವು. ಎರಡೂ ಬಗೆಯ ತಳಿಗಳನ್ನು ಬೆರೆಸದೆ ಬೇರೆ ಬೇರೆಯಾಗಿ ಬೆಳೆದಾಗ? ಹೆಚ್ಚು ಇಳುವರಿ ಕೊಟ್ಟದ್ದು ಸೋತ ಗಿಡ್ಡ ತಳಿಗಳೇ. 1968ರಲ್ಲಿ ಪ್ರಕಟವಾದ ಈ ಪ್ರಯೋಗದ ಸೋತವರಲ್ಲಿ ತೈವಾನಿನ ತೈಚುಂಗ್ ನೇಟಿವ್-1 ಕೂಡ ಒಂದು. ನಮ್ಮ ರೈತರು ಬಿಪಿಟಿ ಎನ್ನುವ ಸಾಂಬಾ ಮಸೂರಿಯ ವಂಶಾವಳಿಯಲ್ಲಿ ಅದರ ಹೆಸರಿದೆ.

ಗಿಡಕ್ಕೆ ನೆರೆಯವರು ಗೊತ್ತಾಗುವುದು ಬೆಳಕಿನ ಬಣ್ಣದಿಂದ. ಎಲೆಗಳು ಕೆಂಪು ಬೆಳಕನ್ನು ಹೀರಿ, ಅದರಾಚೆಯ ದೂರಗೆಂಪನ್ನು ಚೆಲ್ಲುತ್ತವೆ. ಈ ಏರುಪೇರನ್ನು ಫೈಟೋಕ್ರೋಮ್ ಎಂಬ ಪ್ರೋಟೀನು ಗುರುತಿಸುತ್ತದೆ. ನೆರಳು ಬೀಳುವ ಮೊದಲೇ ಕಾಂಡ ಉದ್ದವಾಗತೊಡಗುತ್ತದೆ. ಎಲ್ಲ ಗಿಡಗಳೂ ಹೀಗೇ ಮಾಡಿದರೆ ಯಾರಿಗೂ ಹೆಚ್ಚು ಬಿಸಿಲು ಸಿಗದು, ಕಾಳಿಗೆ ಹೋಗಬೇಕಾದ್ದು ಹುಲ್ಲಿಗೆ ಹೋಗುತ್ತದೆ, ಅಷ್ಟೆ. ಹಳೆಯ ಎತ್ತರದ ತಳಿಗಳಲ್ಲಿ ನೆಲದ ಮೇಲಿನ ಒಟ್ಟು ತೂಕದ ಮೂರನೇ ಒಂದರಷ್ಟು ಕಾಳು. ಗಿಡ್ಡ ತಳಿಗಳಲ್ಲಿ ಹತ್ತಿರ ಹತ್ತಿರ ಅರ್ಧ. ಮೇಲಾಗಿ ಎತ್ತರದವು ಯೂರಿಯಾ ಹೆಚ್ಚಾದರೆ ಮಲಗಿಬಿಡುತ್ತವೆ. ಗಿಡ್ಡತನಕ್ಕೆ ಕಾರಣ, ಗಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನು ತಯಾರಿಸುವ ಒಂದು ಜೀನಿನ ಐಬು. ಜೀನು ಪತ್ತೆಯಾದದ್ದು 2002ರಲ್ಲಿ.

ಅದೇ 1968ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಡೊನಾಲ್ಡ್ ಒಳ್ಳೆಯ ಬೆಳೆಯ ಗಿಡ ಪೈಪೋಟಿಯಲ್ಲಿ ದುರ್ಬಲವಾಗಿರಬೇಕು ಎಂದು ವಾದಿಸಿದ. ಶಾಲೆಗಳ ರ್‍ಯಾಂಕ್ ಪಟ್ಟಿ ಕಂಡಾಗ ನನಗೆ ಈ ವಾದ ನೆನಪಾಗುವುದುಂಟು. ಮಕ್ಕಳು ಭತ್ತವಲ್ಲ, ನಿಜ. ಆದರೆ ಒಬ್ಬನ ಗೆಲುವನ್ನು ಅಳೆಯುವುದೂ ಇಡೀ ಗದ್ದೆಯ ಫಸಲನ್ನು ಅಳೆಯುವುದೂ ಬೇರೆ ಬೇರೆ ಲೆಕ್ಕ.

ಡೊನಾಲ್ಡನ ಮಾತಿಗೂ ಮಿತಿಯಿದೆ: ಕಳೆ. ನಾಟಿ ಗದ್ದೆಯಲ್ಲಿ ಮಡಿಯಲ್ಲಿ ಬೆಳೆದ ಸಸಿ ಕಳೆಗಿಂತ ಮೂರು ವಾರ ಮುಂದಿರುತ್ತದೆ, ನಿಂತ ನೀರೂ ಕಳೆಯನ್ನು ತಡೆಯುತ್ತದೆ. ನಾಲೆಯ ಕೊನೆಯಂಚಿನಲ್ಲಿ ನೀರು ಸಾಲದೆ ನೇರ ಬಿತ್ತನೆಗೆ ಹೊರಟರೆ ಭತ್ತವೂ ಕಳೆಯೂ ಒಟ್ಟಿಗೇ ಮೊಳೆಯುತ್ತವೆ. ಅಲ್ಲಿಗೆ ಮೊದಲ ತಿಂಗಳು ಚುರುಕಾಗಿ ಎಲೆ ಹರಡಿ ಕಳೆಯನ್ನು ಹಿಂದಿಕ್ಕುವ, ಆಮೇಲೆ ಎತ್ತರಕ್ಕೆ ಹೋಗದ ತಳಿ ಬೇಕು. ತಳಿ ವಿಜ್ಞಾನಿಗಳು ಈಗ ಹುಡುಕುತ್ತಿರುವುದು ಅಂಥದನ್ನೇ.