ಇಂಗ್ಲಿಷ್ ಪಾಠವೂ ನಮ್ಮ ಮಕ್ಕಳೂ

ವಿಶಾಖಪಟ್ಟಣದಿಂದ ವಿಜಯವಾಡದ ವರೆಗಿನ ರೈಲುದಾರಿ ಸುಮಾರು 350 ಕಿಲೋಮೀಟರು. ಈ ದಾರಿಯ ಊರುಗಳಲ್ಲಿ ಉಡುಪಿ, ಕುಂದಾಪುರಗಳ ಕಡೆಯಿಂದ ಬಂದು ಇಡ್ಲಿ ದೋಸೆಗಳ ವ್ಯಾಪಾರವನ್ನು ನಂಬಿ ನಿಂತ ಕುಟುಂಬಗಳುಂಟು. ಕಛೇರಿಗಳಲ್ಲಿ ಲೆಕ್ಕ ಬರೆದು ಬಾಳುವ ಗುಮಾಸ್ತರ ಕುಟುಂಬಗಳೂ ಉಂಟು. ಬೆಲ್ಲದ ಪೇಟೆಯೆಂದು ಹೆಸರಾದ ಅನಕಾಪಲ್ಲಿಯೂ ಇದೇ ದಾರಿಯ ಊರು. ಇಂಥ ಮನೆಯ ಹುಡುಗನೊಬ್ಬನ ದಿನಚರಿಯನ್ನು ಗಮನಿಸಿರಿ. ಬೆಳಗ್ಗೆ ತಾಯಿಯೊಡನೆ ಕನ್ನಡ ಅಥವಾ ತುಳು; ಬೀದಿಗಿಳಿದರೆ ತೆಲುಗು; ಶಾಲೆಯ ಬಾಗಿಲಲ್ಲಿ ಇಂಗ್ಲಿಷು ಕಾದು ನಿಂತಿರುತ್ತದೆ. ಮೊದಲಿನ ಎರಡು ಭಾಷೆಗಳನ್ನು ಅವನಿಗೆ ಯಾರೂ ಕುಳ್ಳಿರಿಸಿ ಕಲಿಸಲಿಲ್ಲ. ಆದರೂ ಅವು ಬಂದವು. ಮೂರನೆಯದನ್ನು ಹತ್ತು ವರ್ಷ ಕಲಿಸುತ್ತಾರೆ. ಆದರೂ ಅದು ಬಾರದು. ಹುಡುಗ ದಡ್ಡನೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಎರಡು ಭಾಷೆಗಳನ್ನು ತಾನಾಗಿ ಕಲಿತ ಮಗು ಮೂರನೆಯದರ ಬಾಗಿಲಲ್ಲಿ ಹಠಾತ್ತನೆ ದಡ್ಡನಾಗುವುದು ಹೇಗೆ?

ಇದು ಬರಿಯ ಪಂಡಿತರ ಪ್ರಶ್ನೆಯಲ್ಲ. ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿನ ಮೇಲೆ ಎಡವಿದ ಹುಡುಗ ಬಹುಮಟ್ಟಿಗೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲುತ್ತಾನೆ, ಇಲ್ಲವೇ ಒಲೆಯ ಪಕ್ಕದಲ್ಲಿ. ಆ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಅದನ್ನು ಮಾಡಿಯೇ ನಮ್ಮ ಎಷ್ಟೋ ಮನೆಗಳು ಮೇಲೆ ಬಂದಿವೆ. ಆದರೆ ಮನಸ್ಸೊಪ್ಪಿ ಆ ಕೆಲಸಕ್ಕೆ ಬರುವುದು ಬೇರೆ, ಉಳಿದ ಬಾಗಿಲುಗಳೆಲ್ಲ ಮುಚ್ಚಿದುವೆಂದು ಬರುವುದು ಬೇರೆ.

ಈ ವ್ಯತ್ಯಾಸವನ್ನು ಬಹು ಹಿಂದೆಯೇ ಅರಿತವರು ಮುಂಬಯಿಯ ನಮ್ಮ ಹಿರಿಯರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲಿಯೇ ರಾತ್ರಿಶಾಲೆಯೊಂದನ್ನು ತೆರೆಯಿತು. ಆಮೇಲೆ ಇತರ ಸಂಘಗಳೂ ಅದೇ ದಾರಿಯಲ್ಲಿ ನಡೆದುವು. ಹಗಲೆಲ್ಲ ಲೋಟ ತೊಳೆದು ಮೇಜು ಒರೆಸಿದ ಹುಡುಗರು ರಾತ್ರಿ ಆ ಬೆಂಚುಗಳ ಮೇಲೆ ಕುಳಿತು ಅಕ್ಷರ ಕಲಿತರು, ಪರೀಕ್ಷೆಗೆ ಕಟ್ಟಿದರು, ಕಛೇರಿಗಳನ್ನು ಸೇರಿದರು. ಈಗ ಕಾಲ ಬದಲಾಗಿದೆ. 14 ವರ್ಷದೊಳಗಿನ ಮಕ್ಕಳನ್ನು ಹೊಟೇಲುಗಳಲ್ಲಿ ದುಡಿಸುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧವಾಯಿತು. ಇಂದು ಸಂಜೆಯ ಪಾಠಕ್ಕೆ ಬರುವವನು ಕೆಲಸದ ಹುಡುಗನಲ್ಲ, ಕೆಲಸಗಾರನ ಮಗ. ಹಾಗೆಂದು ಅವನ ಕಷ್ಟ ತೀರಿತೆನ್ನಲಾಗದು. ಮನೆಯಲ್ಲಿ ಪಾಠ ಹೇಳಿಕೊಡಬೇಕಾದ ತಂದೆ ರಾತ್ರಿ ಹನ್ನೊಂದಕ್ಕೆ ಮನೆಗೆ ಬರುತ್ತಾನೆ. ಆದುದರಿಂದ ಜಗಲಿಯಲ್ಲಿಯೋ ಹೊಟೇಲಿನ ಮಹಡಿಯಲ್ಲಿಯೋ ಎಂಟು ಹತ್ತು ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳುವ ಗುಮಾಸ್ತ ಬಂಧುಗಳ ಮೇಲೆ ದೊಡ್ಡ ಹೊಣೆ ಬಿದ್ದಿದೆ. ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಇಂಗ್ಲಿಷ್ ಪಾಠ ಹೇಗಿರಬಾರದೆಂಬುದಕ್ಕೆ ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ಈಗಿನ ಅನಕಾಪಲ್ಲಿ ಜಿಲ್ಲೆಗೆ ಸೇರಿದ ಎಸ್. ರಾಯವರದಲ್ಲಿ 1862ರಲ್ಲಿ ಹುಟ್ಟಿದ ಗುರಜಾಡ ಅಪ್ಪಾರಾವ್ ಅವರ ‘ಕನ್ಯಾಶುಲ್ಕಂ’ ನಾಟಕವನ್ನು ತೆಲುಗು ನೆರೆಹೊರೆಯವರಿಂದ ಕೇಳಿ ತಿಳಿಯಬಹುದು. 1892ರಲ್ಲಿ ರಂಗವೇರಿದ ಆ ನಾಟಕದ ಗಿರೀಶಂ ಎಂಬ ಮಾತುಗಾರ, ಪರೀಕ್ಷೆಯಲ್ಲಿ ನಪಾಸಾದ ವೆಂಕಟೇಶಂ ಎಂಬ ಹುಡುಗನಿಗೆ ಮೇಷ್ಟ್ರಾಗಿ ಅವನ ಹಳ್ಳಿಗೆ ಹೋಗುತ್ತಾನೆ. ತಂದೆಗೆ ಮಗನ ಓದಿಗಾಗಿ ಸುರಿದ ಹಣದ ಸಂಕಟ. ತಾಯಿಗೆ ಮಗ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಕಿವಿಯಾರೆ ಕೇಳುವ ಆಸೆ. ಆಗ ಗುರುಶಿಷ್ಯರಿಬ್ಬರೂ ಕೂಡಿ ಬಾಯಿಪಾಠದ ಶಿಶುಗೀತೆಯನ್ನೂ ಒಂದಕ್ಕೊಂದು ಸಂಬಂಧವಿಲ್ಲದ ವಾಕ್ಯಗಳನ್ನೂ ಸಂಭಾಷಣೆಯೆಂಬಂತೆ ಹೇಳಿಬಿಡುತ್ತಾರೆ. ತಾಯಿ ಹಿಗ್ಗುತ್ತಾಳೆ, ಪ್ರೇಕ್ಷಕರು ನಗುತ್ತಾರೆ. ನೂರಿಪ್ಪತ್ತು ವರ್ಷಗಳಿಗೂ ಮೀರಿ ನಗುತ್ತ ಬಂದಿದ್ದೇವೆ. ಆದರೆ ಮನೆಗೆ ನೆಂಟರು ಬಂದೊಡನೆ ಮಗುವನ್ನು ನಡುಮನೆಯಲ್ಲಿ ನಿಲ್ಲಿಸಿ ಪದ್ಯ ಹೇಳಿಸುವ ಪದ್ಧತಿಯನ್ನು ಮಾತ್ರ ಬಿಟ್ಟಿಲ್ಲ.

ಹಾಗಾದರೆ ಎಲ್ಲಿಂದ ತೊಡಗಬೇಕು? ಹುಡುಗನ ಬಳಿ ಈಗಾಗಲೇ ಇರುವ ಬಂಡವಾಳದಿಂದ. ಹೊಟೇಲು ಮನೆಯ ಮಗುವಿಗೆ ಇಂಗ್ಲಿಷು ಬಾರದೆಂಬುದು ಪೂರ್ತಿ ನಿಜವಲ್ಲ. ಟೇಬಲ್, ಗ್ಲಾಸ್, ಪ್ಲೇಟ್, ಬಿಲ್ಲು, ಟೋಕನ್, ಕ್ಯಾಷ್, ಪಾರ್ಸೆಲ್, ಟಿಫಿನ್, ಸಪ್ಲೈಯರ್, ಕ್ಲೀನರ್, ಹಾಫ್, ಫುಲ್, ಡಬಲ್, ಸ್ಪೆಷಲ್, ರೆಡಿ, ಲೇಟ್, ಬಾಕಿಯವು ಎಷ್ಟೋ. ಮೊದಲನೆಯ ದಿನ ಪುಸ್ತಕವನ್ನು ತೆರೆಯಬೇಡಿ. ‘ನಿಮ್ಮ ಅಪ್ಪನ ಹೊಟೇಲಿನಲ್ಲಿ ಕೇಳುವ ಇಂಗ್ಲಿಷ್ ಮಾತುಗಳನ್ನು ಒಬ್ಬೊಬ್ಬರೂ ಹೇಳಿ’ ಎಂದು ಕರಿಹಲಗೆಯ ಮುಂದೆ ನಿಲ್ಲಿರಿ. ಹಲಗೆ ಹಿಡಿಸದಷ್ಟು ಮಾತುಗಳು ಬರುತ್ತವೆ. ಮೂಲೆಯಲ್ಲಿ ಮುದುಡಿ ಕುಳಿತ ಹುಡುಗಿಯೂ ‘ಫ್ರಿಜ್’ ಎನ್ನುತ್ತಾಳೆ. ಮಾರನೆಯ ದಿನ ಅವೇ ಮಾತುಗಳನ್ನು ಜೋಡಿಸಿ ವಾಕ್ಯ ಮಾಡಿಸಿರಿ: ಗ್ಲಾಸ್ ಎಲ್ಲಿದೆ, ಪಾರ್ಸೆಲ್ ಯಾರಿಗೆ, ಬಿಲ್ಲು ಎಷ್ಟು. ನಮ್ಮ ಭಾಷೆಗಳಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ನಡುವೆ ನುಗ್ಗುತ್ತದೆ. ‘ನಾನು ದೋಸೆ ತಿಂದೆ’ ಎಂಬುದು ಅಲ್ಲಿ ‘ನಾನು ತಿಂದೆ ದೋಸೆ’ ಎಂದಾಗುತ್ತದೆ. ಇದನ್ನು ವ್ಯಾಕರಣದ ಹೆಸರು ಹೇಳದೆ, ಮೂವರು ಮಕ್ಕಳ ಕೈಗೆ ಮೂರು ಚೀಟಿ ಕೊಟ್ಟು ಸಾಲಾಗಿ ನಿಲ್ಲಿಸಿ, ಜಾಗ ಬದಲಿಸಿ ತೋರಿಸಬಹುದು. ಕುಳಿತು ಜೋಮು ಹಿಡಿದ ಕಾಲುಗಳಿಗೂ ಕೆಲಸ ಸಿಕ್ಕಂತಾಗುತ್ತದೆ.

ಇಲ್ಲಿ ನಮ್ಮ ಬೆಂಗಳೂರಿಗೆ ಸಂಬಂಧಪಟ್ಟ ಒಂದು ವಿಷಯವನ್ನು ವಾಚಕರು ತಿಳಿದಿರಬೇಕು. ಎನ್. ಎಸ್. ಪ್ರಭು ಎಂಬ ವಿದ್ವಾಂಸರು 1979ರಿಂದ 1984ರ ವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಗಳ ಸಾಧಾರಣ ಶಾಲೆಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಜಗತ್ತಿನ ಇಂಗ್ಲಿಷ್ ಬೋಧಕರು ಇಂದಿಗೂ ಅದನ್ನು ‘ಬೆಂಗಳೂರು ಯೋಜನೆ’ ಎಂದೇ ಕರೆಯುತ್ತಾರೆ. ಪ್ರಭು ಅವರ ವಾದ ಇಷ್ಟೆ: ಮಗುವಿನ ಗಮನ ಭಾಷೆಯ ಮೇಲಿದ್ದಾಗ ಭಾಷೆ ಹತ್ತುವುದಿಲ್ಲ, ಬಿಡಿಸಬೇಕಾದ ಸಮಸ್ಯೆಯೊಂದರ ಮೇಲಿದ್ದಾಗ, ಭಾಷೆ ಅದರ ಬೆನ್ನಿಗೆ ತಾನಾಗಿ ಬರುತ್ತದೆ. ಆದುದರಿಂದ ಅವರು ವ್ಯಾಕರಣದ ಪಟ್ಟಿಯನ್ನು ಬದಿಗಿಟ್ಟು, ಮಕ್ಕಳ ಮುಂದೆ ರೈಲು ವೇಳಾಪಟ್ಟಿ, ಊರಿನ ನಕ್ಷೆ ಮೊದಲಾದುವನ್ನು ಇರಿಸಿದರು. ಮೊದಲು ಒಂದು ಲೆಕ್ಕವನ್ನು ಉಪಾಧ್ಯಾಯರು ಇಡೀ ತರಗತಿಯೊಡನೆ ಪ್ರಶ್ನೋತ್ತರದಿಂದ ಬಿಡಿಸುವುದು. ಆಮೇಲೆ ಅದೇ ಬಗೆಯ ಇನ್ನೊಂದನ್ನು ಒಬ್ಬೊಬ್ಬ ಹುಡುಗನೂ ತಾನೇ ಬಿಡಿಸುವುದು. ಲೆಕ್ಕದ ತೂಕಕ್ಕೂ ಅವರ ಬಳಿ ಒಂದು ಅಳತೆಯಿತ್ತು: ತರಗತಿಯಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಸುಮಾರು ಅರ್ಧದಷ್ಟನ್ನಾದರೂ ಸರಿಮಾಡುವಂತಿರಬೇಕು. ತೀರ ಸುಲಭವಾದರೆ ಹುಡುಗ ಆಕಳಿಸುತ್ತಾನೆ. ತೀರ ಕಠಿಣವಾದರೆ ಪೆನ್ಸಿಲು ಕಚ್ಚುತ್ತಾನೆ. ಪರೀಕ್ಷಕರು ಹೊರಗಿನಿಂದ ಬಂದು ಈ ತರಗತಿಗಳನ್ನು ಅಳೆದು, 1985ರಲ್ಲಿ ಮಟ್ಟಿಗೆ ಮೆಚ್ಚಿಗೆಯನ್ನೇ ಬರೆದರು. ಎಲ್ಲರೂ ಒಪ್ಪಿದರೆಂದಲ್ಲ, ಬರವಣಿಗೆಯ ತಪ್ಪುಗಳು ಹಾಗೆಯೇ ಉಳಿಯಬಹುದೆಂದು ಶಂಕಿಸಿದವರೂ ಇದ್ದರು. ನನಗೂ ಆ ಶಂಕೆ ಸ್ವಲ್ಪ ಉಂಟು. ಆದರೆ ಹುಡುಗನನ್ನು ಬೆಂಚಿನ ಮೇಲೆ ಕೂಡಿಸುವ ಶಕ್ತಿಯಲ್ಲಿ ಈ ಮಾರ್ಗಕ್ಕೆ ಸರಿಸಾಟಿ ಕಾಣೆ.

ಅನಕಾಪಲ್ಲಿಯಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಕಾಸಿಲ್ಲದೆ ದೊರೆಯುತ್ತದೆ. ಸ್ಟೇಷನ್ನಿನ ವೇಳಾಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದು ತನ್ನಿರಿ. ಎಲಮಂಚಿಲಿ, ತುನಿ, ಅನ್ನವರಂ, ಸಾಮರ್ಲಕೋಟ, ರಾಜಮಂಡ್ರಿ, ಏಲೂರು, ವಿಜಯವಾಡ: ಹೆಸರುಗಳು ಮಕ್ಕಳಿಗೆ ಬಾಯಿಗೆ ಬಂದವೇ. ಇನ್ನು ಪ್ರಶ್ನೆ: ‘ಅಜ್ಜಿ ಅನ್ನವರಂ ಸತ್ಯನಾರಾಯಣ ಸ್ವಾಮಿಯ ದರ್ಶನ ಮಾಡಿ ಕತ್ತಲಾಗುವುದರೊಳಗೆ ಮನೆಗೆ ಬರಬೇಕು. ಬೆಟ್ಟ ಹತ್ತಿ ಇಳಿಯಲು ಮೂರು ಗಂಟೆ ಬೇಕು. ಯಾವ ಗಾಡಿಗೆ ಹೋಗಬೇಕು, ಯಾವುದಕ್ಕೆ ಬರಬೇಕು?’ ಇನ್ನೊಂದು ದಿನ ಹೊಟೇಲಿನ ದರಪಟ್ಟಿಯನ್ನೇ ಹಲಗೆಯ ಮೇಲೆ ಬರೆಯಿರಿ. ಮೂವರ ಕೈಯಲ್ಲಿ 200 ರೂಪಾಯಿ. ಒಬ್ಬನಿಗೆ ಕಾಫಿ ವರ್ಜ್ಯ. ಒಬ್ಬನಿಗೆ ಹಸಿವು ಹೆಚ್ಚು. ಏನೇನು ತರಿಸಬಹುದು? ಇಂಥ ಪ್ರಶ್ನೆಗೆ ಹೊಟೇಲಿಗನ ಮಗ ಕಛೇರಿಯವನ ಮಗನಿಗಿಂತ ಮೊದಲೇ ಕೈ ಎತ್ತುತ್ತಾನೆ. ಅವನು ತರಗತಿಯಲ್ಲಿ ಮುಂದಾಳಾಗುವುದು ಬಹುಶಃ ಅದೇ ಮೊದಲ ಸಲ.

ಗದ್ದಲದ ಮಾತಿಗೆ ಬರೋಣ, ಏಕೆಂದರೆ ಹೊಸ ಮೇಷ್ಟ್ರುಗಳ ಮುಖ್ಯ ದೂರು ಅದೇ. ಗದ್ದಲವನ್ನು ಗದ್ದಲದಿಂದ ಅಡಗಿಸಲಾಗದು. ಅಡುಗೆಯ ಭಟ್ಟರು ಕೂಗಾಡುವ ಹೊಟೇಲಿನಲ್ಲಿ ಗ್ಲಾಸುಗಳು ಹೆಚ್ಚು ಒಡೆಯುತ್ತವೆಂಬುದು ನಮ್ಮ ಕಸುಬಿನವರೆಲ್ಲ ಬಲ್ಲ ಸಂಗತಿ. ಮೆಲುದನಿಯಲ್ಲಿ ಮಾತಾಡುವ ಮೇಷ್ಟ್ರ ಮಾತನ್ನು ಕೇಳಲು ಹುಡುಗರು ತಾವೇ ಸುಮ್ಮನಾಗುತ್ತಾರೆ. ಮಕ್ಕಳು ಬರುವ ಮೊದಲೇ ಹಲಗೆಯ ಮೇಲೆ ಒಂದು ಒಗಟೋ ಚಿತ್ರವೋ ಇರಲಿ. ಖಾಲಿ ಬಿದ್ದ ಮೊದಲ ಐದು ನಿಮಿಷಗಳಲ್ಲಿಯೇ ಪುಂಡಾಟ ಹುಟ್ಟುವುದು. ಎಂಟು ಒಂಬತ್ತರ ಮಗು ಒಂದೇ ಕೆಲಸದಲ್ಲಿ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲದು. ಆದುದರಿಂದ ಕೇಳುವುದು, ಬರೆಯುವುದು, ಎದ್ದು ನಡೆಯುವುದು ಇವನ್ನು ಬದಲಿಸುತ್ತಿರಬೇಕು. ತುಂಟನಿಗೆ ಸೀಮೆಸುಣ್ಣದ ಡಬ್ಬಿಯನ್ನು ಒಪ್ಪಿಸಿರಿ, ಹಾಜರಿ ಕೂಗುವ ಅಧಿಕಾರ ಕೊಡಿರಿ. ಎಲ್ಲಕ್ಕಿಂತ ಮೊದಲು ಪ್ರತಿ ಮಗುವಿನ ಹೆಸರನ್ನು ಕಲಿಯಿರಿ. ‘ಏಯ್, ನೀನು’ ಎಂದು ಕರೆಯಿಸಿಕೊಂಡವನಿಗೆ ಉತ್ತರ ಹೇಳುವ ಹಂಬಲವೆಲ್ಲಿಯದು?

ಬೆತ್ತದ ಮಾತೇ ಬೇಡ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿದೆ. ಜಗಲಿಯ ಪಾಠಕ್ಕೆ ಬೇರೆ ನ್ಯಾಯ ಯಾಕೆ? ಪೆಟ್ಟಿಗಿಂತಲೂ ಆಳವಾಗಿ ನೋಯಿಸುವುದು ಜೊತೆಗಾರರ ನಗು. ಪ್ರಭು ಅವರು ಗುಂಪು ಕೆಲಸವನ್ನು ತಮ್ಮ ತರಗತಿಗಳ ಆಧಾರವಾಗಿ ಇಟ್ಟುಕೊಳ್ಳದಿರಲು ಇದೂ ಒಂದು ಕಾರಣ: ಮೇಷ್ಟ್ರ ಮುಂದೆ ತಪ್ಪುವುದಕ್ಕಿಂತ ಓರಗೆಯವರ ಮುಂದೆ ತಪ್ಪುವುದು ಕೆಲವು ಮಕ್ಕಳಿಗೆ ಹೆಚ್ಚು ಅವಮಾನ. ಹೊಸ ಪುಸ್ತಕಗಳೆಲ್ಲ ಗುಂಪಿನ ಆಟವನ್ನೇ ಹೊಗಳುವ ಈ ದಿನಗಳಲ್ಲಿ ಈ ಮಾತನ್ನು ನೆನಪಿಡುವುದು ಮೇಲು. ಇಬ್ಬಿಬ್ಬರನ್ನು ಜೊತೆ ಮಾಡಿದರೆ ಸಾಕು, ಅದೂ ಅವರಾಗಿ ಬಯಸಿದರೆ.

ತಪ್ಪು ತಿದ್ದುವುದರಲ್ಲಿಯೂ ಹದ ಬೇಕು. ಕನ್ನಡ ತೆಲುಗುಗಳ ಮಕ್ಕಳು ‘ಎಗ್’ ಎಂಬುದನ್ನು ‘ಯೆಗ್’ ಎನ್ನುತ್ತಾರೆ, ‘ಸ್ಕೂಲ್’ ಎಂಬುದನ್ನು ‘ಇಸ್ಕೂಲು’ ಎನ್ನುತ್ತಾರೆ. ಅದು ಅವರ ನಾಲಗೆಯ ತಪ್ಪಲ್ಲ, ತಾಯ್ನುಡಿಯ ಅಭ್ಯಾಸ. ಮಾತನ್ನು ನಡುವೆ ತುಂಡರಿಸದೆ, ಹುಡುಗ ಹೇಳಿದ್ದನ್ನೇ ಸರಿಯಾಗಿ ಉಚ್ಚರಿಸಿ ಉತ್ತರ ಕೊಟ್ಟರೆ ಕಿವಿ ತಾನೇ ತಿದ್ದಿಕೊಳ್ಳುತ್ತದೆ. ಕಾಗುಣಿತದ ವಿಷಯದಲ್ಲಿ ಮಗುವಿನ ಪಕ್ಷವನ್ನೇ ವಹಿಸಿರಿ. ನಮ್ಮ ಲಿಪಿಯಲ್ಲಿ ಬರೆದುದನ್ನೇ ಓದುತ್ತೇವೆ. ಇಂಗ್ಲಿಷಿನಲ್ಲಿ ‘ನೈಫ್’ ಎಂಬ ಮಾತಿನ ಮುಂದೆ ‘ಕೆ’ ಅಕ್ಷರ ಬಾಯಿ ಮುಚ್ಚಿ ಕುಳಿತಿರುತ್ತದೆ. ‘ಕೆಲಸ ಮಾಡದೆ ಸಂಬಳ ತಿನ್ನುವ ಅಕ್ಷರಗಳನ್ನು ಹಿಡಿದು ತನ್ನಿ’ ಎಂದರೆ ಮಕ್ಕಳು ಪುಸ್ತಕವೆಲ್ಲ ಜಾಲಾಡುತ್ತಾರೆ.

ಪಾಠದಲ್ಲಿ ಕನ್ನಡ ತೆಲುಗುಗಳು ಬರಬಹುದೇ? ಧಾರಾಳವಾಗಿ. ಆಂಧ್ರ ಸರಕಾರ 2019ರ ನವೆಂಬರಿನಲ್ಲಿ ಸರಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಲು ಆಜ್ಞೆ ಹೊರಡಿಸಿತು; 2020ರ ಏಪ್ರಿಲಿನಲ್ಲಿ ಹೈಕೋರ್ಟು ಅದನ್ನು ರದ್ದುಪಡಿಸಿತು. ಈ ವ್ಯಾಜ್ಯದ ನಡುವೆ ಒಂದು ಒಳ್ಳೆಯ ವಸ್ತು ಹುಟ್ಟಿತು: ಒಂದು ಪುಟದಲ್ಲಿ ತೆಲುಗು, ಎದುರು ಪುಟದಲ್ಲಿ ಇಂಗ್ಲಿಷು ಅಚ್ಚಾದ ಪಠ್ಯಪುಸ್ತಕ. ಅರ್ಥ ತಿಳಿಯದೆ ಉರುಹೊಡೆಯುವ ಮಗುವಿಗೆ ಆ ಎದುರು ಪುಟವೇ ಆಸರೆ. ನಮ್ಮ ಮಕ್ಕಳು ತೆಲುಗು ಲಿಪಿ ಬಲ್ಲವರಾದುದರಿಂದ ಕನ್ನಡ ಅಕ್ಷರಗಳೂ ಕೆಲವೇ ದಿನಗಳಲ್ಲಿ ಬರುತ್ತವೆ. ಇಂಗ್ಲಿಷ್ ಮಾತುಗಳ ಅರ್ಥವನ್ನು ಕನ್ನಡದಲ್ಲಿ ಬರೆಸಿದರೆ ಒಂದೇ ಸಂಜೆಯಲ್ಲಿ ಎರಡು ಲಾಭ.

ಇನ್ನು ತಂದೆಯರಿಗೆ ಒಂದು ಮಾತು. ‘ಎಷ್ಟು ಮಾರ್ಕು ಬಂತು?’ ಎಂಬ ಪ್ರಶ್ನೆಯನ್ನು ವಾರಕ್ಕೊಂದು ದಿನವಾದರೂ ಬಿಡಿರಿ. ಗ್ಯಾಸಿನ ರಸೀದಿ, ಔಷಧದ ಚೀಟಿ, ಬ್ಯಾಂಕಿನಿಂದ ಬಂದ ಕಾಗದ, ಬೇಳೆಯ ಪೊಟ್ಟಣದ ಮೇಲಿನ ಬರಹ, ಇವುಗಳಲ್ಲೊಂದನ್ನು ಮಗನ ಮುಂದಿಟ್ಟು, ‘ಇದರಲ್ಲಿ ಏನು ಬರೆದಿದೆ, ನನಗೆ ತಿಳಿಯುವಂತೆ ಹೇಳು, ಮಗಾ’ ಎನ್ನಿರಿ. ಅವನು ಅರ್ಧ ತಪ್ಪು ಹೇಳಿದರೂ ಕೊನೆಯ ವರೆಗೆ ಕೇಳಿರಿ. ತಿಳಿಯದೆ ಉಳಿದ ಮಾತನ್ನು ಗುರುತು ಹಾಕಿ ಮಾರನೆಯ ಸಂಜೆ ಪಾಠಕ್ಕೆ ಅದೇ ಕಾಗದವನ್ನು ಒಯ್ಯಲು ಹೇಳಿರಿ. ಮೇಷ್ಟ್ರಿಗೆ ಅಂದಿನ ಪಾಠವೂ ಸಿಕ್ಕಿತು.